ಬೇಸಿಗೆ ಕೂಟಕ್ಕೆ ಗ್ರಿಲ್ ಸ್ಟೇಕ್: ಸ್ಟಾರ್ಟರ್ ಮೆತ್ತಗೆ ಬರಬೇಕಾದರೆ

ಅಮೆರಿಕದಲ್ಲಿ ಮೇ ಕೊನೆಯ ಮೆಮೋರಿಯಲ್ ಡೇಯಿಂದ ಸೆಪ್ಟೆಂಬರಿನ ಲೇಬರ್ ಡೇವರೆಗೆ ಹಿತ್ತಲ ಗ್ರಿಲ್‌ಗೆ ಬಿಡುವಿಲ್ಲ. ಊಟಕ್ಕೆ ಮೊದಲು ಅತಿಥಿಗಳಿಗೆ ಸ್ಟೇಕ್ ಕೊಡುವವರು ಒಂದು ಮಾತು ಮರೆಯಬಾರದು: ಅವರು ತಟ್ಟೆ ಹಿಡಿದು ನಿಂತಿರುತ್ತಾರೆ, ಕೈಯಲ್ಲಿ ಚಾಕು ಇರುವುದಿಲ್ಲ. ಮಾಂಸ ಒಂದೇ ತುತ್ತಿಗೆ ಹಲ್ಲಿಗೆ ಹರಿಯಬೇಕು. ಆದ್ದರಿಂದ ಮೊದಲೇ ತುಂಡರಿಸಿ ಕಡ್ಡಿಗೆ ಚುಚ್ಚಬೇಡಿ. ಇಡಿಯಾಗಿ ಸುಟ್ಟು ಆಮೇಲೆ ತೆಳ್ಳಗೆ ಕೊಯ್ಯಿರಿ. ಸಣ್ಣ ತುಂಡುಗಳು ಹೊರಗೆ ಕೆಂಪೇರುವಷ್ಟರಲ್ಲಿ ಒಳಗೆ ಪೂರಾ ಒಣಗಿಬಿಡುತ್ತವೆ.

ಇದಕ್ಕೆ ಫ್ಲ್ಯಾಂಕ್ ಸ್ಟೇಕ್ ಸರಿಯಾದದ್ದು. ದನದ ಹೊಟ್ಟೆಯ ಕಡೆಯ ಚಪ್ಪಟೆ ಮಾಂಸವಿದು, ಕೊಬ್ಬು ಕಡಿಮೆ, ಎಳೆಗಳು ಉದ್ದಕ್ಕೂ ಕಣ್ಣಿಗೆ ಕಾಣುತ್ತವೆ. 2 ಪೌಂಡಿನ, ಅಂದರೆ ಸುಮಾರು 900 ಗ್ರಾಂನ ಒಂದು ತುಂಡು ಹತ್ತು ಹನ್ನೆರಡು ಜನರ ಸ್ಟಾರ್ಟರ್‌ಗೆ ಸಾಕು. ಕೊಳ್ಳುವಾಗ ಲೇಬಲ್ ಓದಿ. ಯಂತ್ರದ ಸೂಜಿಗಳಿಂದ ಚುಚ್ಚಿ ಮೆದು ಮಾಡಿದ ಹಸಿ ದನದ ಮಾಂಸವಾದರೆ ಅದನ್ನು ಅಲ್ಲಿ ಬರೆಯಲೇಬೇಕು, 2016ರಿಂದ ಅಮೆರಿಕದಲ್ಲಿ ಇದು ನಿಯಮ. ಸೂಜಿಗಳು ಮೇಲಿನ ಸೂಕ್ಷ್ಮಾಣುಗಳನ್ನು ಒಳಕ್ಕೆ ತಳ್ಳಿರಬಹುದು, ಹಾಗಾಗಿ ಅಂಥದ್ದನ್ನು ನಸುಗೆಂಪಾಗಿ ಬಡಿಸಬಾರದು.

ಉಪ್ಪು 10 ಗ್ರಾಂ, ಪುಡಿ ಉಪ್ಪಾದರೆ ಸುಮಾರು ಒಂದೂವರೆ ಟೀ ಚಮಚ. ಕೋಷರ್ ಉಪ್ಪಿನ ಹರಳು ದಪ್ಪ, ಚಮಚದ ಲೆಕ್ಕ ತಪ್ಪುತ್ತದೆ, ತೂಗಿಯೇ ಹಾಕಿ. ಹಿಂದಿನ ರಾತ್ರಿ ಸವರಿ ಮುಚ್ಚದೆ ಫ್ರಿಜ್‌ನಲ್ಲಿಡುವುದು ಉತ್ತಮ, ಆಗದಿದ್ದರೆ ಮುಕ್ಕಾಲು ಗಂಟೆ ಮುಂಚೆಯಾದರೂ ಸವರಿ. ಉಪ್ಪು ಹಾಕಿದ ಹತ್ತು ಹದಿನೈದು ನಿಮಿಷಕ್ಕೆ ಮೇಲೆ ನೀರು ಬಿಟ್ಟಿರುತ್ತದೆ, ಆಗ ಸುಟ್ಟರೆ ಬೆಂಕಿಯೆಲ್ಲ ಆ ನೀರು ಆರಿಸುವುದಕ್ಕೇ ಖರ್ಚು, ಬಣ್ಣ ಬರುವುದಿಲ್ಲ. ನಮ್ಮ ಕಡೆ ಮಟನ್‌ಗೆ ಹಚ್ಚುವ ಹಾಗೆ ಪರಂಗಿಕಾಯಿ ಅರೆದು ಇದಕ್ಕೂ ಹಚ್ಚುವವರಿದ್ದಾರೆ. ತೆಳು ಮಾಂಸಕ್ಕೆ ಅದು ಬೇಡ. ಹೊತ್ತು ಮೀರಿದರೆ ಮೇಲ್ಪದರ ಹಿಟ್ಟಾಗುತ್ತದೆ, ಒಳಗಿನದು ಹಾಗೇ ಇರುತ್ತದೆ. ಬೆಳ್ಳುಳ್ಳಿ, ಕುಟ್ಟಿದ ಕಾಳುಮೆಣಸು, ಒಂದು ಚಮಚ ಎಣ್ಣೆ ಸಾಕು. ಜೇನು, ಸಕ್ಕರೆ ಬೇಕೆನಿಸಿದರೆ ಕೊನೆಯ ನಿಮಿಷದಲ್ಲಿ ಸವರಿ, ಮೊದಲೇ ಹಾಕಿದರೆ ಸೀದು ಕಹಿಯಾಗುತ್ತದೆ.

ಇದ್ದಿಲ ಮೇಲೆ ಬಿಳಿಬೂದಿ ಹತ್ತುವವರೆಗೆ, ಸುಮಾರು 20 ನಿಮಿಷ, ಕಾಯಿರಿ. ಇದ್ದಿಲನ್ನು ಒಂದೇ ಪಕ್ಕಕ್ಕೆ ಗುಡ್ಡೆ ಹಾಕಿ. ಕೊಬ್ಬು ತೊಟ್ಟಿಕ್ಕಿ ಜ್ವಾಲೆ ಎದ್ದರೆ ಮಾಂಸವನ್ನು ಸರಿಸಲು ಇನ್ನೊಂದು ಪಕ್ಕ ಖಾಲಿ ಬೇಕು. ಗ್ಯಾಸ್ ಗ್ರಿಲ್ ಆದರೆ ಮುಚ್ಚಳ ಹಾಕಿ ಪೂರ್ತಿ ಉರಿಯಲ್ಲಿ 15 ನಿಮಿಷ ಕಾಯಿಸಿ. ಮಾಂಸವನ್ನು ಒತ್ತಿ ಒರೆಸಿ ಹಾಕಿ. ಒಂದಿಂಚು ದಪ್ಪಕ್ಕೆ ಒಂದೊಂದು ಮಗ್ಗುಲಿಗೆ 4ರಿಂದ 5 ನಿಮಿಷ. ಕಂಬಿಗೆ ಅಂಟಿದ್ದರೆ ಎಳೆಯಬೇಡಿ, ಅರ್ಧ ನಿಮಿಷ ತಡೆಯಿರಿ, ಹದವಾಗಿ ಕೆಂಪಾದ ಮೇಲೆ ತಾನಾಗಿ ಬಿಡುತ್ತದೆ.

ಬೆಂದಿದೆಯೇ ಎಂದು ಬೆರಳಲ್ಲಿ ಒತ್ತಿ ಹೇಳುವುದನ್ನು ನಂಬಬೇಡಿ. ಥರ್ಮಾಮೀಟರನ್ನು ಮೇಲಿಂದಲ್ಲ, ಪಕ್ಕದಿಂದ ನಡುವಿಗೆ ಚುಚ್ಚಿ. ಒಳಗೆ ನಸುಗೆಂಪು ಇರಬೇಕೆಂದರೆ 130 ಡಿಗ್ರಿ ಫ್ಯಾರನ್‌ಹೀಟ್‌ಗೆ ಬಂದಾಗ ಗ್ರಿಲ್‌ನಿಂದ ಇಳಿಸುವುದು ರೂಢಿ. ಆದರೆ ಅಮೆರಿಕದ ಕೃಷಿ ಇಲಾಖೆಯ ಸಲಹೆ 145 ಡಿಗ್ರಿ, ಆಮೇಲೆ 3 ನಿಮಿಷ ವಿರಾಮ. ಮಕ್ಕಳು, ಬಸುರಿಯರು, ವಯಸ್ಸಾದವರು ಇರುವ ಕೂಟದಲ್ಲಿ ಅದನ್ನೇ ಪಾಲಿಸಿ. ಫ್ಲ್ಯಾಂಕ್‌ನ ಒಂದು ತುದಿ ತೆಳ್ಳಗಿರುತ್ತದೆ, ಮೊದಲು ಬೇಯುತ್ತದೆ. ಕೆಂಪು ಕಂಡರೆ ಮುಖ ಸಿಂಡರಿಸುವವರ ಪಾಲಿಗೆ ಅದನ್ನೇ ತೆಗೆದಿಡಿ.

ಇಳಿಸಿದ ಮೇಲೆ 8ರಿಂದ 10 ನಿಮಿಷ ಮುಟ್ಟಬೇಡಿ. ಆಮೇಲೆ ನಡೆಯುವುದೇ ಮುಖ್ಯ ಕೆಲಸ. ಎಳೆ ಯಾವ ಕಡೆ ಓಡುತ್ತದೋ ಅದಕ್ಕೆ ಅಡ್ಡವಾಗಿ, ಚಾಕುವನ್ನು ಓರೆ ಹಿಡಿದು, 4 ಮಿಲಿಮೀಟರ್‌ಗಿಂತ ದಪ್ಪವಾಗದಂತೆ ಕೊಯ್ಯಿರಿ. ಎಳೆಯುದ್ದಕ್ಕೆ ಕೊಯ್ದರೆ ಪ್ರತಿ ತುತ್ತಿನಲ್ಲೂ ಉದ್ದ ನಾರುಗಳೇ ಸಿಗುತ್ತವೆ, ಎಷ್ಟು ಹದವಾಗಿ ಸುಟ್ಟಿದ್ದರೂ ಅಗಿದು ಅಗಿದು ದವಡೆ ನೋಯುತ್ತದೆ. ಅಡ್ಡ ಕೊಯ್ದಾಗ ನಾರು ಚೂರು ಚೂರಾಗಿರುತ್ತದೆ.

ಬಗೆಟ್ ಎಂಬ ಉದ್ದ ಬ್ರೆಡ್ಡನ್ನು ಅರ್ಧ ಇಂಚಿನ ಬಿಲ್ಲೆ ಮಾಡಿ, ಎಣ್ಣೆ ಸವರಿ, ಖಾಲಿ ಪಕ್ಕದ ಹದ ಬಿಸಿಯಲ್ಲಿ ಗರಿಗರಿ ಮಾಡಿಕೊಳ್ಳಿ. ಮೇಲಕ್ಕೆ ಒಂದು ಕಟ್ಟು ಕೊತ್ತಂಬರಿ, ಒಂದು ಹಿಡಿ ಪುದೀನ, 3 ಎಸಳು ಬೆಳ್ಳುಳ್ಳಿ, 2 ಹಸಿಮೆಣಸಿನಕಾಯಿ ಸಣ್ಣಗೆ ಹೆಚ್ಚಿ, 2 ದೊಡ್ಡ ಚಮಚ ನಿಂಬೆರಸ, ಕಾಲು ಕಪ್ ಆಲಿವ್ ಎಣ್ಣೆ, ಉಪ್ಪು ಕಲಸಿ. ಮಿಕ್ಸಿಯಲ್ಲಿ ನೀರು ಹಾಕಿ ರುಬ್ಬಿದರೆ ಬ್ರೆಡ್ ನೆನೆದು ಕುಸಿಯುತ್ತದೆ. ಬಡಿಸುವ ಹೊತ್ತಿಗೇ ಬಿಲ್ಲೆಯ ಮೇಲೆ ಮಾಂಸ, ಅದರ ಮೇಲೆ ಈ ಮಿಶ್ರಣ ಜೋಡಿಸಿ.

ಕನ್ನಡದವರ ಕೂಟದಲ್ಲಿ ದನದ ಮಾಂಸ ಮುಟ್ಟದವರು, ಸಸ್ಯಾಹಾರಿಗಳು ಇದ್ದೇ ಇರುತ್ತಾರೆ. ಅವರ ಪನೀರ್, ಅಣಬೆ, ಅನಾನಸಿಗೆ ಬೇರೆ ಗ್ರಿಲ್, ಬೇರೆ ಇಕ್ಕಳ, ಬೇರೆ ತಟ್ಟೆ ಇಡಿ, ಮತ್ತು ಅದನ್ನು ಅವರು ಕೇಳುವ ಮೊದಲೇ ಹೇಳಿ. ಒಂದೇ ಗ್ರಿಲ್ ಇದ್ದರೆ ಅವರ ಅಡುಗೆ ಒಳಗಿನ ಒಲೆಯ ಮೇಲಾಗಲಿ. ಕಂಬಿ ತಿಕ್ಕಿದೆವು ಎಂಬ ಸಮಾಧಾನ ಅವರಿಗೆ ಸಾಲದು.

ಹಸಿ ಮಾಂಸ ಇಟ್ಟ ತಟ್ಟೆಗೇ ಬೆಂದದ್ದನ್ನು ಹಾಕಬೇಡಿ. ಹೊರಗಿನ ಬಿಸಿಲು 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ ಬಡಿಸಿದ ತಟ್ಟೆ ಒಂದು ಗಂಟೆಗಿಂತ ಹೆಚ್ಚು ಹೊರಗಿರಬಾರದು, ಇಲ್ಲದಿದ್ದರೆ ಎರಡು ಗಂಟೆ. ಅದಕ್ಕೇ ಅರ್ಧ ಮಾಂಸವನ್ನು ಮೊದಲು ಸುಟ್ಟು ಕೊಡಿ, ಉಳಿದರ್ಧವನ್ನು ತಡವಾಗಿ ಬರುವವರು ಬಂದ ಮೇಲೆ ಗ್ರಿಲ್‌ಗೆ ಹಾಕಿ.