ಸ್ಕೈಡೈವಿಂಗ್ ಚಿತ್ರೀಕರಣಕ್ಕೆ ಹೊಂದಿದ ಟೇಪು: ನನ್ನ ಅನುಭವ

ಮೈಸೂರಿನ ಮಂಡಕಳ್ಳಿಯಲ್ಲಿ ಸ್ಕೈಡೈವಿಂಗ್ ಚಿತ್ರೀಕರಿಸುವಾಗ, ಹೆಲ್ಮೆಟ್‌ಗೆ ಬಿಗಿದ ಮಿನಿ ಡಿವಿ (ಪುಟ್ಟ ಡಿಜಿಟಲ್ ಟೇಪಿನಲ್ಲಿ ದಾಖಲಿಸುವ) ಕ್ಯಾಮ್‌ಕಾರ್ಡರಿನ ದೃಶ್ಯವು ಪ್ಯಾರಾಚೂಟ್ ಬಿಚ್ಚಿಕೊಳ್ಳುವ ಕ್ಷಣದಲ್ಲೇ ಚೌಕಚೌಕವಾಗಿ ಒಡೆಯುತ್ತಿತ್ತು. ಟೇಪಿನ ಮೇಲೆ ದೃಶ್ಯ ಬರೆದು ಓದುವ ಹೆಡ್ಡನ್ನು ಶುಚಿಗೊಳಿಸುವ ಕ್ಯಾಸೆಟ್ ಓಡಿಸಿದರೂ ದೋಷ ಪೂರ್ತಿ ಹೋಗದಿದ್ದಾಗ ಗಮನ ಟೇಪಿನತ್ತ ಹರಿಯಿತು.

ಟೇಪನ್ನು ನಿಧಾನವಾಗಿ ಓಡಿಸುವ ಎಲ್‌ಪಿ (ಲಾಂಗ್ ಪ್ಲೇ) ವಿಧಾನದಲ್ಲಿ 60 ನಿಮಿಷದ ಟೇಪು 90 ನಿಮಿಷ ಓಡುತ್ತದೆ, ನಿಜ. ಆದರೆ ಟೇಪಿನ ಮೇಲೆ ಮೂಡುವ ಪ್ರತಿಯೊಂದು ಜಾಡಿನ ಅಗಲವು 10 ಮೈಕ್ರಾನ್‌ನಿಂದ 6.7 ಮೈಕ್ರಾನ್‌ಗೆ ಇಳಿಯುವುದರಿಂದ, ಜೋರಾದ ಕುಲುಕಾಟಕ್ಕೆ ಹೆಡ್ಡು ಆ ಕಿರಿದಾದ ಜಾಡನ್ನು ಸುಲಭವಾಗಿ ತಪ್ಪಿಬಿಡುತ್ತದೆ. ಜಿಗಿತವೊಂದು ಕೆಲವೇ ನಿಮಿಷಗಳಲ್ಲಿ ಮುಗಿಯುವಾಗ ಈ ಉಳಿತಾಯ ಯಾರಿಗೆ ಬೇಕು? ಆದ್ದರಿಂದ ಮಾಮೂಲಿ ವೇಗದ ಎಸ್‌ಪಿ (ಸ್ಟ್ಯಾಂಡರ್ಡ್ ಪ್ಲೇ) ವಿಧಾನವನ್ನು ಆರಿಸಿ, ತೆಳುವಾದ 80 ನಿಮಿಷದ ಟೇಪನ್ನು ಕೈಬಿಟ್ಟು, ಒಂದೇ ಕಂಪನಿಯ 60 ನಿಮಿಷದ ಹೊಸ ಟೇಪುಗಳನ್ನೇ ಬಳಸತೊಡಗಿದೆ. ದುಬಾರಿ ಟೇಪಿನಿಂದ ಚಿತ್ರವೇನೂ ಹೆಚ್ಚು ಸ್ಪಷ್ಟವಾಗುವುದಿಲ್ಲ. ಡಿವಿಯಲ್ಲಿ ದಾಖಲಾಗುವ ವಿಡಿಯೊ ಅಗ್ಗದ ಟೇಪಿನಲ್ಲೂ ದುಬಾರಿ ಟೇಪಿನಲ್ಲೂ ಸೆಕೆಂಡಿಗೆ 25 ಮೆಗಾಬಿಟ್ಟೇ.

ಹೊಸ ಟೇಪನ್ನು ವಿಮಾನ ಏರುವ ಮುನ್ನವೇ ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತುತ್ತೇನೆ. ಮೊದಲ ಅರ್ಧ ನಿಮಿಷವನ್ನು ಖಾಲಿ ಬಿಡುತ್ತೇನೆ. ಮೇಲಿನ ತಣ್ಣನೆಯ ಗಾಳಿಯಿಂದ ಇಳಿದೊಡನೆ ಕ್ಯಾಸೆಟ್ ಬಾಗಿಲು ತೆರೆದರೆ ಹೆಡ್ಡು ಇರುವ, ತಿರುಗುವ ಡ್ರಮ್ಮಿನ ಮೇಲೆ ತೇವ ಕಟ್ಟಿ ಟೇಪು ಅಂಟಿಕೊಳ್ಳಬಹುದು; ಮಳೆಗಾಲದಲ್ಲಂತೂ ಕ್ಯಾಮೆರಾ ಬೆಚ್ಚಗಾಗುವವರೆಗೆ ಕಾಯುವುದು ಅಗತ್ಯ. ಈಗ ಪ್ಯಾರಾಚೂಟ್ ಬಿಚ್ಚಿಕೊಳ್ಳುವ ದೃಶ್ಯ ಒಡೆಯದೆ ದಾಖಲಾಗುತ್ತಿದೆ.