ಪೇಪರ್‌ಗೆ ಜರ್ನಲ್ ಹುಡುಕುವಾಗ ನಾನು ನೋಡುವುದೇನು

ಯಾವ ಜರ್ನಲ್‌ಗೆ ಕಳಿಸಲಿ ಅಂತ ಕೇಳುವ ಜೂನಿಯರ್‌ಗಳಿಗೆ ನಾನು ತಿರುಗಿ ಕೇಳುವುದು ಒಂದೇ: ನಿಮ್ಮದೇ ರೆಫರೆನ್ಸ್ ಪಟ್ಟಿ ಸರಿಯಾಗಿ ನೋಡಿದ್ದೀರಾ? ನಾನು ಶುರು ಮಾಡುವುದು ಅಲ್ಲಿಂದಲೇ. ಅದರಲ್ಲಿ ಮತ್ತೆ ಮತ್ತೆ ಬರುವ ಜರ್ನಲ್‌ಗಳ ಹೆಸರು ಬರೆದುಕೊಳ್ಳುತ್ತೇನೆ. ಯಾರ ಕೆಲಸವನ್ನು ನಾನು ಒಪ್ಪುತ್ತಿದ್ದೇನೋ, ಯಾರ ಜೊತೆ ಜಗಳ ಆಡುತ್ತಿದ್ದೇನೋ ಅವರೆಲ್ಲ ಬರೆಯುವುದು ಅಲ್ಲಿ, ಅಂದಮೇಲೆ ನನ್ನ ಪೇಪರ್ ಓದುವವರೂ ಅಲ್ಲೇ ಸಿಗಬೇಕು ಅಲ್ವಾ? ಅಬ್‌ಸ್ಟ್ರಾಕ್ಟ್ (ಪೇಪರ್‌ನ ಸಾರಾಂಶ) ಹಾಕಿದರೆ ಜರ್ನಲ್ ಸೂಚಿಸುವ ಸಾಧನಗಳಿವೆ. ವೈದ್ಯಕೀಯ, ಜೀವವಿಜ್ಞಾನದವರಿಗೆ ಜೇನ್ (JANE) ಅನ್ನುವ ವೆಬ್‌ಸೈಟ್, ಬೇರೆಯವರಿಗೆ ಪ್ರಕಾಶಕರ ಜರ್ನಲ್ ಫೈಂಡರ್‌ಗಳು. ಬಿಟ್ಟುಹೋದ ಹೆಸರು ನೆನಪಿಸಲು ಸಾಕು, ಆದರೆ ಪ್ರಕಾಶಕರ ಫೈಂಡರ್ ತನ್ನ ಮನೆಯ ಜರ್ನಲ್‌ಗಳನ್ನೇ ತೋರಿಸುತ್ತದೆ.

ಆಮೇಲಿನ ಕೆಲಸಕ್ಕೇ ನಾನು ಜಾಸ್ತಿ ಸಮಯ ಕೊಡುವುದು. ಪ್ರತಿ ಜರ್ನಲ್‌ನ ಇತ್ತೀಚಿನ ಸಂಚಿಕೆಗಳನ್ನು ತೆಗೆದು ಕೂರುತ್ತೇನೆ. ‘ಏಮ್ಸ್ ಅಂಡ್ ಸ್ಕೋಪ್’ ಪುಟದಲ್ಲಿ ಎಲ್ಲ ವಿಷಯಕ್ಕೂ ಸ್ವಾಗತ ಅಂತ ಬರೆದಿರುತ್ತಾರೆ, ಒಳಗೆ ನೋಡಿದರೆ ಎರಡು ವರ್ಷದಿಂದ ಬಂದಿರುವುದೆಲ್ಲ ದೊಡ್ಡ ಡೇಟಾದ ಅಂಕಿಅಂಶ, ಸಂದರ್ಶನ ಆಧರಿಸಿದ ಲೇಖನ ಒಂದೂ ಇಲ್ಲ. ಅಂಥ ಕಡೆ ಸಂದರ್ಶನದ ಪೇಪರ್ ಕಳಿಸಿದರೆ ರಿವ್ಯೂಗೂ (ಅದೇ ಕ್ಷೇತ್ರದ ತಜ್ಞರ ಪರಿಶೀಲನೆಗೂ) ಹೋಗದೆ ಸಂಪಾದಕರ ಮೇಜಿನಿಂದಲೇ ವಾಪಸ್ ಬರುವ ಸಾಧ್ಯತೆ ಹೆಚ್ಚು. ಕೆಲಸ ಕೆಟ್ಟದಿದೆ ಅಂತಲ್ಲ, ಜಾಗ ತಪ್ಪು. ಪದಗಳ ಮಿತಿಯನ್ನೂ ಆಗಲೇ ನೋಡಿಬಿಡಿ.

ಲೇಖನದ ಮೊದಲ ಅಥವಾ ಕೊನೆಯ ಪುಟದಲ್ಲಿ ‘ರಿಸೀವ್ಡ್’, ‘ಅಕ್ಸೆಪ್ಟೆಡ್’ ದಿನಾಂಕ ಹಾಕುವ ಜರ್ನಲ್‌ಗಳು ಬಹಳ ಇವೆ. ಹತ್ತಾರು ಲೇಖನಗಳಲ್ಲಿ ಅದನ್ನು ನೋಡಿದರೆ ಎಷ್ಟು ತಿಂಗಳು ಕಾಯಬೇಕು ಅನ್ನುವ ಅಂದಾಜು ಸಿಗುತ್ತದೆ. ಪಿಎಚ್‌ಡಿ ಗಡುವು ಇರುವವರಿಗೆ ಜರ್ನಲ್‌ಗೆ ಕೊಡುವ ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನುವ ಅಂಕೆಗಿಂತ ಈ ಲೆಕ್ಕ ಮುಖ್ಯ.

ಇಂಪ್ಯಾಕ್ಟ್ ಫ್ಯಾಕ್ಟರ್ ಬಗ್ಗೆ ನನಗೆ ಅಷ್ಟು ಭಕ್ತಿ ಇಲ್ಲ. ಹಿಂದಿನ ಎರಡು ವರ್ಷಗಳ ಲೇಖನಗಳಿಗೆ ಈ ವರ್ಷ ಬಂದ ಉಲ್ಲೇಖಗಳ ಸರಾಸರಿ ಅದು. ಕೆಲವೇ ಲೇಖನಗಳು ಇಡೀ ಸರಾಸರಿಯನ್ನು ಮೇಲೆತ್ತಿರುತ್ತವೆ. ಗಣಿತದಂಥ ಕ್ಷೇತ್ರದಲ್ಲಿ ಉಲ್ಲೇಖ ಬರುವುದೇ ನಿಧಾನ, ಹಾಗಾಗಿ ಅಲ್ಲಿನ ಒಳ್ಳೆಯ ಜರ್ನಲ್‌ನ ಅಂಕೆ ವೈದ್ಯಕೀಯದವರಿಗೆ ತಮಾಷೆಯಾಗಿ ಕಾಣಬಹುದು. ಜರ್ನಲ್‌ನ ಅಂಕೆಯಿಂದ ಸಂಶೋಧಕರನ್ನು ಅಳೆಯಬೇಡಿ ಅಂತ ಸಂಶೋಧನೆಯ ಮೌಲ್ಯಮಾಪನದ ಬಗ್ಗೆ 2012ರಲ್ಲಿ ಬಂದ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆಯೇ (DORA) ಹೇಳಿತು. ಆದರೂ ಬಡ್ತಿ ಸಮಿತಿ ಕೇಳುತ್ತದೆ, ಏನು ಮಾಡುವುದು! ಒಂದೇ ಕ್ಷೇತ್ರದ ಜರ್ನಲ್‌ಗಳನ್ನು ಹೋಲಿಸಲು ಮಾತ್ರ ನಾನು ಅದನ್ನು ಬಳಸುತ್ತೇನೆ.

ಮೋಸದ ಜರ್ನಲ್‌ಗಳ ವಿಷಯದಲ್ಲಿ ಮಾತ್ರ ನಾನು ತುಂಬಾ ಕಟ್ಟುನಿಟ್ಟು. ನಿಮ್ಮನ್ನು ಹೊಗಳಿ, ವಾರದೊಳಗೆ ಪ್ರಕಟಣೆ ಅಂತ ಇಮೇಲ್ ಬಂದರೆ ಅಳಿಸಿಬಿಡಿ. ಜರ್ನಲ್, ಉಲ್ಲೇಖಗಳ ದೊಡ್ಡ ಡೇಟಾಬೇಸ್ ಆದ ಸ್ಕೋಪಸ್‌ನಲ್ಲಿದೆ ಅಂತ ಅವರ ವೆಬ್‌ಸೈಟ್ ಹೇಳಿದರೆ ಸಾಲದು, ಸ್ಕೋಪಸ್‌ನ ಮೂಲ ಪಟ್ಟಿಯಲ್ಲೇ ಐಎಸ್‌ಎಸ್‌ಎನ್ (ಜರ್ನಲ್‌ನ ಗುರುತಿನ ಸಂಖ್ಯೆ) ಹಾಕಿ ಹುಡುಕಬೇಕು, ಪಟ್ಟಿಯಿಂದ ಕೈಬಿಟ್ಟ ಜರ್ನಲ್‌ಗಳೂ ಇರುತ್ತವೆ. ಓಪನ್ ಆಕ್ಸೆಸ್ (ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ಜರ್ನಲ್) ಆದರೆ ಅಂಥ ಜರ್ನಲ್‌ಗಳ ಪಟ್ಟಿಯಾದ ಡಿಒಎಜೆ ನೋಡಿ. ನಿಜವಾದ ಜರ್ನಲ್‌ನ ಹೆಸರು, ಐಎಸ್‌ಎಸ್‌ಎನ್ ಕದ್ದು ನಕಲಿ ವೆಬ್‌ಸೈಟ್ ಮಾಡುವವರೂ ಇದ್ದಾರೆ, ಅದಕ್ಕೇ ಸಂಪಾದಕ ಮಂಡಳಿಯ ಒಂದಿಬ್ಬರು ತಮ್ಮ ವಿಶ್ವವಿದ್ಯಾಲಯದ ಪುಟದಲ್ಲಿ ಈ ಜರ್ನಲ್‌ನ ಹೆಸರು ಹಾಕಿದ್ದಾರಾ ಅಂತ ನೋಡುತ್ತೇನೆ.

ದುಡ್ಡು ಕೇಳಿದ ತಕ್ಷಣ ಮೋಸ ಅಂದುಕೊಳ್ಳಬೇಕಿಲ್ಲ, ಒಳ್ಳೆಯ ಓಪನ್ ಆಕ್ಸೆಸ್ ಜರ್ನಲ್‌ಗಳೂ ಪ್ರಕಟಣಾ ಶುಲ್ಕ ತೆಗೆದುಕೊಳ್ಳುತ್ತವೆ. ಕಟ್ಟಲು ಆಗದಿದ್ದರೆ ವಿನಾಯಿತಿ ಇದೆಯಾ ಅಂತ ಕಳಿಸುವ ಮೊದಲೇ ಕೇಳಿ. ಚಂದಾ ಜರ್ನಲ್‌ನಲ್ಲಿ ಹಾಕಿದರೂ ಒಪ್ಪಿಗೆಯಾದ ಕರಡನ್ನು ಉಚಿತವಾಗಿ ಇಡಲು ಎಷ್ಟೋ ಪ್ರಕಾಶಕರು ಬಿಡುತ್ತಾರೆ. ಅದರ ನಿಯಮ ಓಪನ್ ಪಾಲಿಸಿ ಫೈಂಡರ್ ಅನ್ನುವ ವೆಬ್‌ಸೈಟ್‌ನಲ್ಲಿ ಸಿಗುತ್ತದೆ, ಮೊದಲು ಅದರ ಹೆಸರು ಶೆರ್ಪಾ ರೋಮಿಯೋ ಅಂತ ಇತ್ತು.

ಒಂದೇ ಪೇಪರ್ ಏಕಕಾಲಕ್ಕೆ ಎರಡು ಕಡೆ ಕಳಿಸುವಂತಿಲ್ಲ. ಹಾಗಾಗಿ ಮೊದಲನೆಯದಕ್ಕೆ ಕಳಿಸುವಾಗಲೇ ಎರಡನೆಯದು, ಮೂರನೆಯದು ಯಾವುದು ಅಂತ ಬರೆದಿಟ್ಟುಕೊಂಡಿರುತ್ತೇನೆ. ತಿರಸ್ಕಾರದ ಪತ್ರ ಬಂದ ದಿನ ಕೂತು ಆರಿಸಿದರೆ ಸಿಟ್ಟಿನಲ್ಲಿ ಎಲ್ಲೋ ಕಳಿಸಿಬಿಡುತ್ತೇವೆ. ರಿವ್ಯೂವರ್ ಹೇಳಿದ್ದರಲ್ಲಿ ಸರಿ ಅನಿಸಿದ್ದನ್ನು ತಿದ್ದಿಯೇ ಮುಂದಿನದಕ್ಕೆ ಕಳಿಸುತ್ತೇನೆ, ಏಕೆಂದರೆ ಸಣ್ಣ ಕ್ಷೇತ್ರಗಳಲ್ಲಿ ಅದೇ ರಿವ್ಯೂವರ್ ಕೈಗೆ ಮತ್ತೆ ಹೋಗುವುದು ಅಪರೂಪವೇನಲ್ಲ.