ಒಟ್ಟಾವಾದ ಇನುಯಿಟ್ ಕುಟುಂಬಗಳ ಜೊತೆ ಕೆಲಸ: ಮೊದಲು ಊಟ, ಆಮೇಲೆ ನಂಟು, ಕೊನೆಗೆ ಕಾಗದ

ಕೆನಡಾದ ಉತ್ತರದಲ್ಲಿರುವ ಇನುಯಿಟ್ ಎಂಬ ಮೂಲನಿವಾಸಿಗಳ ನಾಡನ್ನು ಬಿಟ್ಟರೆ ಆ ಜನ ಅತಿ ಹೆಚ್ಚು ನೆಲೆಸಿರುವ ಊರು ಒಟ್ಟಾವಾ. ಆ ನಾಡಿನ ನುನಾವುಟ್ ಪ್ರದೇಶದ ರಾಜಧಾನಿ ಇಕಾಲುಯಿಟ್‌ನಿಂದ ಇಲ್ಲಿಗೆ ರಸ್ತೆಯಿಲ್ಲ, ವಿಮಾನದಲ್ಲಿ ಸುಮಾರು ಮೂರು ಗಂಟೆ. ಚಿಕಿತ್ಸೆಗೆ, ಓದಿಗೆ, ಅಲ್ಲಿ ಮನೆ ಸಿಗದೆ ಬಂದವರೇ ಬಹಳ. ನೆರವಿಗೆ ಹೋದ ಸಮಾಜಕಾರ್ಯಕರ್ತರು ಇಂಥ ಕುಟುಂಬದ ಎದುರು ನಮೂನೆ ಹಿಡಿದು ಕೂತರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ನಾನು ಕಾಗದವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಗುಂಪು ಸೇರಿಸುವ ದಿನ ಮೊದಲ ಮುಕ್ಕಾಲು ಗಂಟೆ ಊಟಕ್ಕೇ ಮೀಸಲು. ಹತ್ತು ಜನಕ್ಕೆ ಎರಡು ಕಿಲೋ ಆರ್ಕ್ಟಿಕ್ ಚಾರ್ ಮೀನು, ಎರಡು ಕಿಲೋ ಕಾರಿಬೂ ಎಂಬ ಹಿಮಸಾರಂಗದ ಮಾಂಸ. ನೆಲದ ಮೇಲೆ ರಟ್ಟು ಹಾಸಿ, ಅರ್ಧಚಂದ್ರದ ಉಲು ಚಾಕುಗಳನ್ನು ಇಡಬೇಕು. ಹೆಪ್ಪುಗಟ್ಟಿದ ಮಾಂಸವನ್ನು ಹಸಿಯಾಗಿ ತಿನ್ನುತ್ತಾರೆ, ಪೂರ್ತಿ ಕರಗಲು ಬಿಟ್ಟರೆ ರುಚಿ ಕೆಡುತ್ತದೆ. ವಾಲ್ರಸ್ ಎಂಬ ಕಡಲಪ್ರಾಣಿಯ ಮಾಂಸದ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಅದರಲ್ಲಿರಬಹುದಾದ ಉತ್ತರದ ಟ್ರಿಕಿನೆಲ್ಲಾ ಹುಳು ಫ್ರೀಜರಿನಲ್ಲೂ ಸಾಯುವುದಿಲ್ಲ, ಪರೀಕ್ಷೆಯಾಗದ ಮಾಂಸವನ್ನು ಹಸಿಯಾಗಿ ಬಡಿಸಬಾರದು. ಸೀಲ್ ಎಣ್ಣೆಯನ್ನು 4 ಡಿಗ್ರಿಗಿಂತ ಕೆಳಗೆ ಇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಬೆಚ್ಚನೆಯ ಜಾಗದಲ್ಲಿ ಇಟ್ಟರೆ ತಿಂದವರಿಗೆ ಬೊಟುಲಿಸಂ ಎಂಬ ಮಾರಕ ಆಹಾರವಿಷ ತಗುಲಬಹುದು.

ಹಿರಿಯರು ಕುಲ್ಲಿಕ್ ಎಂಬ ಕಲ್ಲಿನ ದೀಪ ಹಚ್ಚುವುದಿದ್ದರೆ ಹೊಗೆ ಅಲಾರಂ ಬಗ್ಗೆ ಕಟ್ಟಡದವರಿಗೆ ಮೊದಲೇ ಹೇಳಿಡಿ. ಬತ್ತಿ ದಪ್ಪವಾದರೆ ಮಸಿ ಏಳುತ್ತದೆ. ಹತ್ತಿಹುಲ್ಲನ್ನು ಎಣ್ಣೆಯಲ್ಲಿ ನೆನೆಸಿ ಅಂಚಿನುದ್ದಕ್ಕೂ ತೆಳ್ಳಗೆ ಹರಡಬೇಕು.

ಇನ್ನು ನಂಟಿನ ನಕ್ಷೆ. ಇದು ನನ್ನ ಕೆಲಸದ ಜೀವಾಳ. ದೊಡ್ಡ ಹಾಳೆಯ ನಡುವೆ ಮಗುವಿನ ಹೆಸರು. ರಕ್ತಸಂಬಂಧಕ್ಕೆ ಒಂದು ಗೆರೆ, ದತ್ತು ಸಂಬಂಧಕ್ಕೆ ಜೋಡಿಗೆರೆ, ಹೆಸರಿನ ನಂಟಿಗೆ ಚುಕ್ಕಿಗೆರೆ. ತೀರಿಕೊಂಡ ಹತ್ತಿರದವರ ಹೆಸರನ್ನು ಮಗುವಿಗೆ ಇಡುತ್ತಾರೆ, ಹೆಸರಿನ ಜೊತೆ ನಂಟೂ ಬರುತ್ತದೆ. ತನ್ನ ತಂದೆಯ ಹೆಸರು ಹೊತ್ತ ಮೊಮ್ಮಗನನ್ನು ಅಜ್ಜಿ ಅಪ್ಪ ಎಂದೇ ಕರೆಯಬಹುದು, ಗದರಲು ಹಿಂಜರಿಯಬಹುದು. ಮಾವನ ಹೆಸರಿಟ್ಟ ಮಗನನ್ನು ಹೆಸರು ಹಿಡಿದು ಬಯ್ಯದ ಸೊಸೆಯರನ್ನು ಕಂಡವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಗೊತ್ತಿಲ್ಲದ ಅಧಿಕಾರಿ ಮಾತ್ರ ‘ಮಗುವಿಗೆ ಶಿಸ್ತು ಕಲಿಸಿಲ್ಲ’ ಎಂದು ಬರೆದುಬಿಡುತ್ತಾರೆ.

ದತ್ತು ಹೋಗುವುದು ಅಲ್ಲಿ ಮುಚ್ಚಿಡುವ ಸಂಗತಿಯಲ್ಲ, ಹೆತ್ತವರು ಯಾರೆಂದು ಮಗುವಿಗೆ ಗೊತ್ತಿರುತ್ತದೆ. ನುನಾವುಟ್‌ನಲ್ಲಿ ಸಂಪ್ರದಾಯದ ಪ್ರಕಾರ ನಡೆದ ದತ್ತು ಸ್ವೀಕಾರಕ್ಕೆ ಅದಕ್ಕೆಂದೇ ಇರುವ ಕಮಿಷನರ್ ಪ್ರಮಾಣಪತ್ರ ಕೊಡುತ್ತಾರೆ. ಅದು ಇದೆಯೇ ಎಂದು ಮೊದಲೇ ಕೇಳಿ, ಇಲ್ಲದಿದ್ದರೆ ಶಾಲೆ ಮತ್ತು ಆರೋಗ್ಯ ಕಾರ್ಡಿನ ಕೆಲಸ ಸಿಕ್ಕಿಹಾಕಿಕೊಳ್ಳುತ್ತದೆ. ಎಲ್ಲವೂ ಒಂದೇ ಭೇಟಿಯಲ್ಲಿ ಸಿಗುವುದಿಲ್ಲ. ಎರಡನೆಯ ಸಲ ಹಾಳೆ ಬಿಚ್ಚಿದಾಗ ಅವರೇ ಹೆಸರು ಸೇರಿಸುತ್ತಾರೆ. ಪ್ರತಿ ಹೆಸರಿನ ಪಕ್ಕ ಊರು, ಫೋನ್, ಫೇಸ್‌ಬುಕ್ ಖಾತೆ ಬರೆದುಕೊಳ್ಳಿ, ಫೋನ್ ನಂಬರು ಬದಲಾಗುತ್ತಲೇ ಇರುತ್ತದೆ.

ಹೌದು ಎನ್ನಲು ಹುಬ್ಬು ಎತ್ತುತ್ತಾರೆ, ಇಲ್ಲ ಎನ್ನಲು ಮೂಗು ಸುಕ್ಕಿಸುತ್ತಾರೆ. ಫೋನಿನಲ್ಲಿ ವಿಚಾರಣೆ ನಡೆದರೆ ಈ ಉತ್ತರಗಳೆಲ್ಲ ಮಾಯ, ಕಡತದಲ್ಲಿ ‘ಸಹಕರಿಸಲಿಲ್ಲ’ ಎಂದು ಉಳಿಯುತ್ತದೆ. ಆದ್ದರಿಂದ ನೇರ ಭೇಟಿಗೇ ಪಟ್ಟು ಹಿಡಿಯಬೇಕು. ಪಕ್ಕದಲ್ಲಿ ಕೂತು ‘ಹೌದು ಎಂದರು’ ಎಂದು ದಾಖಲೆಗೆ ಹೇಳಬೇಕು. ದುಭಾಷಿಯನ್ನು ಗೊತ್ತುಮಾಡುವಾಗ ಕುಟುಂಬದ್ದು ನುನಾವುಟ್‌ನ ಬಾಫಿನ್ ದ್ವೀಪದ ಕಡೆಯ ಮಾತೋ ಉತ್ತರ ಕ್ವಿಬೆಕ್‌ನ ನುನಾವಿಕ್‌ದೋ ವಿಚಾರಿಸಿ.

ಆಸ್ಪತ್ರೆಗೆ ಒಬ್ಬರನ್ನೇ ಕಳಿಸಬೇಡಿ. 1950ರ ದಶಕದಲ್ಲಿ ಕ್ಷಯರೋಗಿಗಳನ್ನು ಹಡಗಿನಲ್ಲಿ ದಕ್ಷಿಣಕ್ಕೆ ಒಯ್ದರು. ಎಷ್ಟೋ ಜನ ಹಿಂದಿರುಗಲಿಲ್ಲ, ಎಲ್ಲಿ ಮಣ್ಣಾದರೆಂಬ ಸುದ್ದಿಯೂ ಮನೆಗೆ ತಲುಪಲಿಲ್ಲ. ಆ ಅಂಜಿಕೆ ಮೊಮ್ಮಕ್ಕಳ ತನಕ ಬಂದಿದೆ.

ಮಕ್ಕಳ ರಕ್ಷಣೆಯ ಅಧಿಕಾರಿಗಳು ಮಗುವನ್ನು ಮನೆಯಿಂದ ತೆಗೆದುಕೊಂಡು ಹೋಗುವ ಮಾತು ಬಂದಾಗ ನಕ್ಷೆಯೇ ಸಾಕ್ಷಿ. 2020ರ ಜನವರಿ 1ರಿಂದ ಜಾರಿಯಲ್ಲಿರುವ, ಮೂಲನಿವಾಸಿ ಮಕ್ಕಳು ಮತ್ತು ಕುಟುಂಬಗಳ ಕುರಿತ ಒಕ್ಕೂಟ ಸರ್ಕಾರದ ಕಾಯಿದೆಯ 16ನೇ ಸೆಕ್ಷನ್ ಪ್ರಕಾರ ಮಗುವನ್ನು ಇರಿಸಲು ಮೊದಲು ಹೆತ್ತವರು, ನಂತರ ಕುಟುಂಬದ ಬೇರೆ ವಯಸ್ಕರು, ಆಮೇಲೆ ಅದೇ ಸಮುದಾಯದವರು. ಬರೀ ಬಡತನಕ್ಕೋ ಸರಿಯಾದ ಮನೆಯಿಲ್ಲವೆಂದೋ ಮಗುವನ್ನು ಕೀಳುವಂತಿಲ್ಲ ಎನ್ನುತ್ತದೆ 15ನೇ ಸೆಕ್ಷನ್. ನಕ್ಷೆಯ ಪ್ರತಿ, ಮಗುವನ್ನು ನೋಡಿಕೊಳ್ಳಲು ಒಪ್ಪಿದವರ ಪತ್ರ, ಅವರ ವಿಳಾಸ: ಈ ಮೂರನ್ನೂ ವಿಚಾರಣೆಯ ದಿನಕ್ಕೆ ಮುಂಚೆಯೇ ವಕೀಲರ ಕೈಗೆ ಮುಟ್ಟಿಸಿ. ಅವತ್ತೇ ಕೊಟ್ಟರೆ ಓದಲು ಯಾರಿಗೂ ಪುರುಸೊತ್ತು ಇರುವುದಿಲ್ಲ.